ಸ್ಕೋಪ್ ಕೊಳ್ಳುವಾಗ ಚಿಕ್ಕ ಅಂಕಿ ಮೊದಲು ನೋಡಿ

ಸ್ಕೋಪ್ ಅಂದರೆ ಗುರಿ ಹಿಡಿಯಲು ಬಂದೂಕಿನ ಮೇಲೆ ಕೂರಿಸುವ ದುರ್ಬೀನು. ಅದರ ಡಬ್ಬದ ಮೇಲೆ 3-9×40 ಅಂತ ಬರೆದಿರುತ್ತದೆ, ಅಂದರೆ 3 ಪಟ್ಟಿನಿಂದ 9 ಪಟ್ಟಿನವರೆಗೆ ದೊಡ್ಡದಾಗಿ ತೋರಿಸುತ್ತದೆ. ಎಲ್ಲರ ಕಣ್ಣು ಮೊದಲು ಹೋಗುವುದು ಆ 9ರ ಮೇಲೆ. ಪಕ್ಕದ ಡಬ್ಬದಲ್ಲಿ 4-16 ಅಂತ ಇದ್ದರೆ ಕೈ ಅತ್ತ ಹೋಗುತ್ತದೆ. ದುಡ್ಡು ಕೊಡುತ್ತಿದ್ದೇವೆ, ಜಾಸ್ತಿ ಹತ್ತಿರ ಕಾಣಲಿ ಅನ್ನುವ ಆಸೆ ಸಹಜ. ನಾನು ಹೇಳುವುದು ಇದಕ್ಕೆ ಉಲ್ಟಾ. ಮೊದಲು ಚಿಕ್ಕ ಅಂಕಿ ನೋಡಿ. ನಿಮ್ಮ ಕೆಲಸಕ್ಕೆ ಆ 3 ಸಾಕಷ್ಟು ಚಿಕ್ಕದಾಗಿದೆಯಾ ಅಂತ ಕೇಳಿಕೊಳ್ಳಿ. 9ರ ಮಾತು ಆಮೇಲೆ.

ಯಾಕೆ ಅಂದರೆ, ಹತ್ತಿರ ಕಂಡಷ್ಟೂ ಕಾಣುವ ಜಾಗ ಕಿರಿದಾಗುತ್ತದೆ. ಸಾಮಾನ್ಯ 3-9 ಸ್ಕೋಪಿನಲ್ಲಿ 3ಕ್ಕೆ ಇಟ್ಟರೆ 100 ಮೀಟರ್ ದೂರದಲ್ಲಿ ಸುಮಾರು 11 ಮೀಟರ್ ಅಗಲ ಕಾಣುತ್ತದೆ. 9ಕ್ಕೆ ತಿರುಗಿಸಿದರೆ ನಾಲ್ಕೂವರೆ ಮೀಟರ್ ಅಷ್ಟೇ. ಅದೇ 20 ಮೀಟರ್ ದೂರಕ್ಕೆ ಬಂದರೆ 9ರಲ್ಲಿ ಕಾಣುವುದು ಒಂದು ಮೀಟರಿಗೂ ಕಡಿಮೆ. ಪೊದೆಯೊಳಗಿಂದ ಕಾಡುಹಂದಿ ನಿಮ್ಮೆದುರಿಗೇ ನುಗ್ಗಿತು ಅಂದುಕೊಳ್ಳಿ. ಬಂದೂಕು ಎತ್ತುತ್ತೀರಿ, ಸ್ಕೋಪ್ ತುಂಬ ಬರೀ ಕಂದು ಕೂದಲು. ಅದು ಭುಜವೋ ತೊಡೆಯೋ ಗೊತ್ತಾಗುವುದಿಲ್ಲ, ಅದರ ಹಿಂದೆ ಏನಿದೆ ಅಂತಲೂ ಗೊತ್ತಾಗುವುದಿಲ್ಲ. ಹಾಗೆ ಹಾರಿಸಿದ ಗುಂಡು ಪ್ರಾಣಿಯನ್ನು ಗಾಯ ಮಾಡಿ ನರಳಿಸುತ್ತದೆ. ಬೇಟೆಗೆ ಕಾನೂನು ಒಪ್ಪುವ ಕಡೆಯ ಮಾತು ಇದು, ಒಪ್ಪದ ಕಡೆ ಕಾಗದದ ಗುರಿಗೆ ಹೊಡೆಯಿರಿ. ಆದರೆ ಒಪ್ಪುವ ಕಡೆಯೂ ಒಂದೇ ಗುಂಡಿಗೆ ಕೆಲಸ ಮುಗಿಯಬೇಕು, ಇಲ್ಲದಿದ್ದರೆ ಕುದುರೆ (ಟ್ರಿಗರ್) ಒತ್ತಲೇಬಾರದು.

ಇನ್ನೊಂದು ಲೆಕ್ಕ. 6 ಪಟ್ಟು ತೋರಿಸುವ ಸ್ಕೋಪಿನಲ್ಲಿ 200 ಮೀಟರ್ ದೂರದ ಜಿಂಕೆ ಬರಿಗಣ್ಣಿಗೆ ಸುಮಾರು 33 ಮೀಟರ್‌ನಲ್ಲಿ ನಿಂತಂತೆ ಕಾಣುತ್ತದೆ. ಅದಕ್ಕಿಂತ ಹತ್ತಿರ ಯಾಕೆ ಬೇಕು? 16ಕ್ಕೆ ತಿರುಗಿಸಿದರೆ ಜಿಂಕೆಯ ಜೊತೆ ನಿಮ್ಮ ಕೈನಡುಕ, ಎದೆಬಡಿತ, ಬಿಸಿಲಿನ ಝಳ ಎಲ್ಲವೂ 16 ಪಟ್ಟು ಕಾಣುತ್ತವೆ. ಆಮೇಲೆ ಗುರಿ ಕುಣಿಯುತ್ತಿದೆ ಅಂತ ಗಾಬರಿಯಾಗಿ ಕುದುರೆಯನ್ನು ಎಳೆದುಬಿಡುತ್ತೀರಿ.

ದಟ್ಟ ಕಾಡು, 100 ಮೀಟರ್ ಒಳಗೆ ಅಂದರೆ 1-4 ಅಥವಾ 1-6. ಸ್ವಲ್ಪ ಕಾಡು, ಸ್ವಲ್ಪ ಬಯಲು ಅಂದರೆ 2-7 ಅಥವಾ 3-9, ಕಣ್ಣು ಮುಚ್ಚಿ ತಗೊಳ್ಳಿ. ಪೂರ್ತಿ ಬಯಲು, 300 ಮೀಟರ್ ಅಂದರೆ 4-12. ಕಾಗದದಲ್ಲಿ ಬಿದ್ದ ತೂತನ್ನು ದೂರದಿಂದ ನೋಡಬೇಕು, ಬಂದೂಕು ಮರಳು ಚೀಲದ ಮೇಲೆ ಕೂತಿರುತ್ತದೆ ಅಂದರೆ ಮಾತ್ರ 6-24ರಂಥವು.

ಈಗ ಆ 40ರ ವಿಷಯ. ಅದು ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. ಸ್ಕೋಪನ್ನು ಬಂದೂಕಿಗೆ ಹಾಕುವ ಮೊದಲು ಕೈ ಚಾಚಿ ಹಿಡಿದು, ಬೆಳಕಿನ ಕಡೆ ತಿರುಗಿಸಿ (ಸೂರ್ಯನ ಕಡೆ ಮಾತ್ರ ಯಾವತ್ತೂ ಬೇಡ), ಹಿಂದಿನ ಗಾಜನ್ನು ನೋಡಿ. ನಡುವೆ ಒಂದು ಪುಟ್ಟ ಬೆಳಕಿನ ಬಿಲ್ಲೆ ಕಾಣುತ್ತದೆ. ನಿಮ್ಮ ಕಣ್ಣಿಗೆ ಬರುವ ಬೆಳಕೆಲ್ಲ ಅಷ್ಟೇ. ಅದರ ಅಗಲ ಎಷ್ಟು ಅಂತ ತಿಳಿಯಲು 40ನ್ನು ಪಟ್ಟಿನಿಂದ ಭಾಗಿಸಿ. 9ಕ್ಕಿದ್ದರೆ 4.4 ಮಿ.ಮೀ., 6ಕ್ಕಿದ್ದರೆ 6.7. ಜೂಮ್ ತಿರುಗಿಸುತ್ತಾ ನೋಡಿದರೆ ಆ ಬಿಲ್ಲೆ ಕುಗ್ಗುವುದೂ ಹಿಗ್ಗುವುದೂ ಕಣ್ಣಿಗೇ ಕಾಣುತ್ತದೆ. ಮುಸ್ಸಂಜೆಯಲ್ಲಿ ಹರೆಯದವರ ಕಣ್ಣಿನ ಪಾಪೆ 7 ಮಿ.ಮೀ.ವರೆಗೂ ಅರಳುತ್ತದೆ, ವಯಸ್ಸಾದಂತೆ ಕಡಿಮೆಯಾಗುತ್ತದೆ. ಹಾಗಾಗಿ ಕತ್ತಲು ಕವಿಯುವಾಗ ಸರಿಯಾಗಿ ಕಾಣುತ್ತಿಲ್ಲ ಅಂತ ಜೂಮ್ ಏರಿಸಿದರೆ ಇನ್ನೂ ಕತ್ತಲಾಗುತ್ತದೆ. ಇಳಿಸಬೇಕು. ಮುಸ್ಸಂಜೆ ಕಾಯುವವರು 8×56 ಇಷ್ಟಪಡುವುದು ಇದಕ್ಕೇ, 56ನ್ನು 8ರಿಂದ ಭಾಗಿಸಿದರೆ ಸರಿಯಾಗಿ 7 ಬರುತ್ತದೆ. ಆದರೆ 56ರ ಗಾಜು ನಳಿಕೆಗೆ ತಾಗದಂತೆ ಕೂರಬೇಕಾದರೆ ಸ್ಕೋಪನ್ನು ಬಂದೂಕಿಗೆ ಹಿಡಿದಿಡುವ ರಿಂಗು ಎತ್ತರ ಬೇಕು, ರಿಂಗು ಎತ್ತರವಾದರೆ ಕೆನ್ನೆ ಬಂದೂಕಿನ ಹಿಡಿಯಿಂದ ಮೇಲೇಳುತ್ತದೆ, ಕೆನ್ನೆ ಎದ್ದರೆ ತಲೆ ಪ್ರತಿಸಲ ಬೇರೆ ಬೇರೆ ಜಾಗದಲ್ಲಿ ಕೂರುತ್ತದೆ. ಹಗಲಿನಲ್ಲೇ ಹೊಡೆಯುವವರಿಗೆ 40 ಸಾಕು.

ಗಾಜಿನ ಅಗಲಕ್ಕಿಂತ ಅದರ ಮೇಲಿನ ಲೇಪನ ನನಗೆ ದೊಡ್ಡದು. ಲೇಪನ ಇಲ್ಲದ ಗಾಜಿನ ಒಂದೊಂದು ಮೈಯೂ ಸುಮಾರು 4 ಶೇಕಡ ಬೆಳಕನ್ನು ವಾಪಸ್ ಎಸೆಯುತ್ತದೆ. ಸ್ಕೋಪಿನೊಳಗೆ ಗಾಜುಗಳು ಹಲವು. ಹತ್ತು ಮೈ ದಾಟುವ ಹೊತ್ತಿಗೆ ಮೂರರಲ್ಲಿ ಒಂದು ಪಾಲು ಬೆಳಕು ಹೋಗಿರುತ್ತದೆ. ಡಬ್ಬದ ಮೇಲೆ ಬರೀ 'ಕೋಟೆಡ್' ಅಂತಿದ್ದರೆ ಬಿಟ್ಟುಬಿಡಿ, 'ಫುಲ್ಲಿ ಮಲ್ಟಿ ಕೋಟೆಡ್' (ಎಲ್ಲ ಮೈಗೂ ಹಲವು ಪದರ ಲೇಪನ) ಅಂತ ಇರಬೇಕು. ಒಳಗೆ ನೈಟ್ರೋಜನ್ ಅಥವಾ ಆರ್ಗಾನ್ ತುಂಬಿರಬೇಕು, ಇಲ್ಲದಿದ್ದರೆ ಚಳಿಯಲ್ಲಿ ಒಳಗಡೆ ಮಂಜು ಕಟ್ಟುತ್ತದೆ, ಅದನ್ನು ಒರೆಸಲು ಆಗುವುದಿಲ್ಲ. ಅಂಗಡಿಯ ಬಿಳಿ ದೀಪದಲ್ಲಿ ಎಲ್ಲ ಸ್ಕೋಪೂ ಚೆನ್ನಾಗೇ ಕಾಣುತ್ತವೆ. ಸಂಜೆ ಹೋಗಿ, ಹೊರಗೆ ನಿಂತು, ಮರದ ನೆರಳಿನಲ್ಲಿರುವ ಎಲೆಗಳನ್ನು ನೋಡಿ, ಅಂಚಿನಲ್ಲೂ ಎಲೆ ಎಲೆಯಾಗೇ ಕಾಣಬೇಕು.

ಇನ್ನು ಕಣ್ಣಿನ ಅಂತರ, ಅಂದರೆ ಐ ರಿಲೀಫ್. ಸ್ಕೋಪಿನ ಹಿಂದಿನ ಗಾಜಿಗೂ ಕಣ್ಣಿಗೂ ನಡುವೆ ಇರಬೇಕಾದ ದೂರ ಅದು. ಇದನ್ನು ನಾನು ನೋವಿನಿಂದ ಕಲಿತೆ. ಗೆಳೆಯರೊಬ್ಬರ ದೊಡ್ಡ ಬೋರಿನ ರೈಫಲ್, ಸ್ಕೋಪ್ ತೀರಾ ಹಿಂದಕ್ಕೆ ಕೂತಿತ್ತು. ಮಲಗಿಕೊಂಡು, ಮೇಲ್ಮುಖವಾಗಿ ಗುರಿ ಹಿಡಿದೆ. ಮಲಗಿದಾಗ ಕತ್ತು ತಾನಾಗಿ ಮುಂದೆ ಹೋಗುತ್ತದೆ. ಗುಂಡು ಹಾರಿದ್ದು ಗೊತ್ತು, ಆಮೇಲೆ ಹುಬ್ಬಿನ ಮೇಲೆ ಬಿಸಿ ಬಿಸಿ ಏನೋ ಇಳಿಯಿತು. ಸ್ಕೋಪಿನ ಅಂಚು ಅರ್ಧ ಚಂದ್ರನ ಹಾಗೆ ಚರ್ಮ ಸೀಳಿತ್ತು. ಗಾಯ ಬೇಗ ಮಾಸಿತು. ಆದರೆ ತಿಂಗಳುಗಟ್ಟಲೆ ಕುದುರೆ ಒತ್ತುವ ಮುಂಚೆ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು, ಅದನ್ನು ಬಿಡಿಸಿಕೊಳ್ಳುವುದು ತುಂಬ ಕಷ್ಟವಾಯಿತು. ಜೋರಾಗಿ ಒದೆಯುವ ರೈಫಲ್ಲಿಗೆ ಐ ರಿಲೀಫ್ 9-10 ಸೆಂ.ಮೀ. ಇರುವ ಸ್ಕೋಪನ್ನೇ ಕೊಳ್ಳಿ.

ಕೂರಿಸುವ ಬಗೆ ಹೀಗೆ. ಬಂದೂಕು ಖಾಲಿ ಇದೆಯಾ ಅಂತ ಎರಡು ಸಲ, ಗುಂಡು ಕೂರುವ ಗೂಡಿಗೆ ಬೆರಳು ಹಾಕಿ ನೋಡಿ. ರಿಂಗಿನ ಸ್ಕ್ರೂ ಸಡಿಲ ಇರಲಿ, ಸ್ಕೋಪ್ ಹಿಂದೆ ಮುಂದೆ ಸರಿಯುವಷ್ಟು. ಜೂಮನ್ನು ಅತಿ ಹೆಚ್ಚಿನ ಪಟ್ಟಿಗೆ ಇಡಿ, ಕಣ್ಣಿನ ಜಾಗ ಅತಿ ಬಿಗಿಯಾಗಿರುವುದು ಅಲ್ಲೇ. ಗುಂಡು ಹಾರಿಸುವಾಗ ತೊಡುವ ಬಟ್ಟೆಯನ್ನೇ ತೊಟ್ಟುಕೊಳ್ಳಿ, ದಪ್ಪ ಜಾಕೆಟ್ ಹಾಕಿದರೆ ಲೆಕ್ಕ ಬದಲಾಗುತ್ತದೆ. ಕಣ್ಣು ಮುಚ್ಚಿ ಬಂದೂಕನ್ನು ಹೆಗಲಿಗೆ ಕೊಟ್ಟು, ಕೆನ್ನೆ ಆರಾಮಾಗಿ ಇಟ್ಟು, ಆಮೇಲೆ ಕಣ್ಣು ಬಿಡಿ. ಪೂರ್ತಿ ದುಂಡಗೆ, ಅಂಚಿನವರೆಗೂ ಬೆಳಗಿದ ವೃತ್ತ ಕಂಡರೆ ಸರಿ. ಸುತ್ತ ಕಪ್ಪು ನೆರಳು ಕಂಡರೆ ಸ್ಕೋಪನ್ನು ಸರಿಸಿ, ತಲೆಯನ್ನು ಸರಿಸಬೇಡಿ. ನಿಂತು, ಕೂತು, ಮಲಗಿ ಮೂರರಲ್ಲೂ ನೋಡಿ.

ಏರ್ ರೈಫಲ್ ಇರುವವರಿಗೆ ಎರಡು ಮಾತು. ಸ್ಪ್ರಿಂಗಿನ ಏರ್ ರೈಫಲ್ ಸಣ್ಣದು, ಯಾವ ಸ್ಕೋಪಾದರೂ ನಡೆಯುತ್ತದೆ ಅಂದುಕೊಳ್ಳುತ್ತಾರೆ. ಅದು ಮೊದಲು ಹಿಂದಕ್ಕೆ ಒದೆಯುತ್ತದೆ, ಪಿಸ್ಟನ್ ತುದಿಗೆ ಬಡಿದ ಕ್ಷಣ ಮುಂದಕ್ಕೆ ಎಳೆಯುತ್ತದೆ. ಹಿಂದಕ್ಕೆ ಒದೆಯುವುದಕ್ಕಷ್ಟೇ ತಯಾರಾದ ಸ್ಕೋಪಿನ ಒಳಭಾಗ ಈ ಎರಡು ಕಡೆಯ ಏಟಿಗೆ ಸಡಿಲಾಗಿಬಿಡುತ್ತದೆ. ಏರ್‌ಗನ್‌ಗೆ ಅಂತಲೇ ಹೇಳಿ ಮಾಡಿದ್ದನ್ನು ಕೊಳ್ಳಿ. ಎರಡನೆಯದು ಪ್ಯಾರಲಾಕ್ಸ್. ಬಂದೂಕನ್ನು ಚೀಲದ ಮೇಲೆ ಇಟ್ಟು, ಮುಟ್ಟದೆ, ತಲೆಯನ್ನು ಮಾತ್ರ ಮೆಲ್ಲಗೆ ಮೇಲೆ ಕೆಳಗೆ ಆಡಿಸಿ. ಕ್ರಾಸ್‌ಹೇರ್ (ಗುರಿ ಹಿಡಿಯಲು ಒಳಗೆ ಕಾಣುವ ಅಡ್ಡ-ಉದ್ದ ಗೆರೆ) ಗುರಿಯ ಮೇಲೆ ಜಾರಿದರೆ ಅದೇ ಪ್ಯಾರಲಾಕ್ಸ್. ದೊಡ್ಡ ರೈಫಲ್ಲಿನ ಸ್ಕೋಪುಗಳನ್ನು ಸಾಮಾನ್ಯವಾಗಿ 100 ಗಜ ಅಥವಾ ಮೀಟರಿಗೆ ಹೊಂದಿಸಿರುತ್ತಾರೆ, 10 ಮೀಟರಿನಲ್ಲಿ ಅವು ಮಸುಕು ಮಸುಕು. 10 ಮೀಟರ್‌ವರೆಗೂ ತಿರುಗಿಸಿ ಹೊಂದಿಸಬಹುದಾದದ್ದು ಬೇಕು.

ಕ್ಲಿಕ್‌ಗಳ ವಿಷಯದಲ್ಲಿ ಜನ ಸುಮ್ನೆ ತಲೆ ಕೆಡಿಸಿಕೊಳ್ಳುತ್ತಾರೆ. ಗುಂಡು ಬೀಳುವ ಜಾಗ ಸರಿಪಡಿಸಲು ಸ್ಕೋಪಿನ ಹೊರಗಿನ ಗುಂಡಿ ತಿರುಗಿಸಿದಾಗ ಸರಿಯುವ ಒಂದೊಂದು ಹಂತವೇ ಕ್ಲಿಕ್; ಅದನ್ನು ಮಿಲ್ ಅಥವಾ ಎಂಒಎ ಅನ್ನುವ ಕೋನದ ಅಳತೆಯಲ್ಲಿ ಹೇಳುತ್ತಾರೆ. ಮೀಟರಿನಲ್ಲಿ ಯೋಚಿಸುವವರಿಗೆ ಮಿಲ್ ಸುಲಭ. ಒಂದು ಮಿಲ್ ಅಂದರೆ 100 ಮೀಟರಿಗೆ 10 ಸೆಂ.ಮೀ., ಒಂದು ಕ್ಲಿಕ್ 0.1 ಮಿಲ್, ಅಂದರೆ 1 ಸೆಂ.ಮೀ. ಮುಗಿಯಿತು. ಎಂಒಎ ಆದರೆ ಕಾಲು ಎಂಒಎ ಕ್ಲಿಕ್ಕಿಗೆ ಸುಮಾರು 7 ಮಿ.ಮೀ. ಯಾವುದಾದರೂ ಇರಲಿ, ಒಳಗಿನ ಗೆರೆಯೂ ಹೊರಗಿನ ಗುಂಡಿಯೂ ಒಂದೇ ಅಳತೆಯವು ಆಗಿರಲಿ. ಫಸ್ಟ್ ಫೋಕಲ್ ಪ್ಲೇನ್ ಅನ್ನುವ ಬಗೆಯ ಸ್ಕೋಪ್‌ನಲ್ಲಿ ಜೂಮ್ ಜೊತೆ ಗೆರೆಯೂ ದಪ್ಪ ಸಣ್ಣ ಆಗುತ್ತದೆ, ದೂರ ಅಳೆಯುವವರಿಗೆ ಒಳ್ಳೆಯದು. ಆದರೆ ಕಡಿಮೆ ಜೂಮಿನಲ್ಲಿ ಅದರ ಗೆರೆ ಜೇಡರ ಬಲೆಯ ಎಳೆಯಷ್ಟು ತೆಳುವಾಗಿ ಮುಸ್ಸಂಜೆಯಲ್ಲಿ ಮಾಯವಾಗುತ್ತದೆ, ಹಾಗಾಗಿ 200 ಮೀಟರ್ ಒಳಗಿನ ಬೇಟೆಗೆ ನಾನು ಗೆರೆ ಯಾವಾಗಲೂ ಒಂದೇ ದಪ್ಪ ಕಾಣುವ ಸೆಕೆಂಡ್ ಫೋಕಲ್ ಪ್ಲೇನನ್ನೇ ಹೇಳುತ್ತೇನೆ.

ಹತ್ತಿರದ, ಓಡುವ ಗುರಿಗೆ ರೆಡ್ ಡಾಟ್ (ಗಾಜಿನಲ್ಲಿ ಬೆಳಗುವ ಕೆಂಪು ಚುಕ್ಕೆಯಿಂದ ಗುರಿ ಹಿಡಿಯುವ ಸೈಟ್) ತುಂಬ ಚೆನ್ನ. ಎರಡೂ ಕಣ್ಣು ತೆರೆದೇ ಇರುತ್ತವೆ, ಹುಬ್ಬಿನ ಭಯ ಇಲ್ಲ. 2 ಎಂಒಎ ಚುಕ್ಕೆ 100 ಮೀಟರಿನಲ್ಲಿ ಸುಮಾರು 6 ಸೆಂ.ಮೀ. ಮುಚ್ಚುತ್ತದೆ, ಅದು ನೆನಪಿರಲಿ. ಚುಕ್ಕೆ ದುಂಡಗೆ ಕಾಣದೆ ಜೇಡದ ಹಾಗೆ ಕಾಲು ಚಾಚಿದಂತೆ ಕಂಡರೆ ಫೋನ್ ಕ್ಯಾಮೆರಾ ಇಟ್ಟು ನೋಡಿ. ಕ್ಯಾಮೆರಾದಲ್ಲಿ ದುಂಡಗಿದ್ದರೆ ಸಾಮಾನು ಸರಿಯಿದೆ, ನಿಮ್ಮ ಕಣ್ಣಿನಲ್ಲಿ ಅಸ್ಟಿಗ್ಮ್ಯಾಟಿಸಂ (ಕಣ್ಣಿನ ಮೈ ಸಮನಾಗಿ ದುಂಡಗಿಲ್ಲದ ದೋಷ) ಇರಬಹುದು. ಅಂಥವರಿಗೆ ಗಾಜಿನ ಮೇಲೇ ಗೆರೆ ಕೊರೆದ ಪ್ರಿಸಂ ಸೈಟ್ ಒಗ್ಗುತ್ತದೆ.

ದುರ್ಬೀನಿಲ್ಲದ, ಬರೀ ಕಬ್ಬಿಣದ ಸೈಟ್ ಅಂತ ಹೀಗಳೆಯಬೇಡಿ. ಒಲಿಂಪಿಕ್ಸ್‌ನ 10 ಮೀಟರ್ ಏರ್ ರೈಫಲ್‌ನಲ್ಲಿ ದುರ್ಬೀನಿಗೆ ಅವಕಾಶವೇ ಇಲ್ಲ, ಹಿಂದಿನ ಸಣ್ಣ ತೂತಿನಿಂದ ಮುಂದಿನ ಉಂಗುರ ನೋಡಿ ಹೊಡೆಯುತ್ತಾರೆ. ಅಲ್ಲಿ ಹತ್ತು ಅಂಕದ ಚುಕ್ಕೆ ಬರೀ 0.5 ಮಿ.ಮೀ.! ಹೊಸಬರು ಮೊದಲು ಇದರಲ್ಲೇ ಕಲಿಯುವುದು ಒಳ್ಳೆಯದು. ಕಣ್ಣಿನ ದೃಷ್ಟಿ ಮುಂದಿನ ಸೈಟ್ ಮೇಲೆ ನೆಟ್ಟಿರಲಿ, ಗುರಿ ಸ್ವಲ್ಪ ಮಸುಕಾದರೂ ಪರವಾಗಿಲ್ಲ.

ದುಡ್ಡು ಇನ್ನೂ ಉಳಿದಿದ್ದರೆ 8×42 ಬೈನಾಕ್ಯುಲರ್ ತಗೊಳ್ಳಿ. ಸ್ಕೋಪಿನಿಂದ ಸುತ್ತಮುತ್ತ ಹುಡುಕುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ನೀವು ನೋಡಿದ ಕಡೆಯೆಲ್ಲ ನಳಿಕೆಯೂ ತಿರುಗುತ್ತದೆ, ಅಲ್ವಾ? ಆ ಪೊದೆಯ ಹಿಂದೆ ಅಲುಗಿದ್ದು ಸೌದೆ ಆರಿಸುವ ಒಬ್ಬ ಹೆಂಗಸು ಆಗಿರಬಹುದು.

ತಂದ ಮೇಲೆ ಒಂದು ಪರೀಕ್ಷೆ ಮಾಡಿ. ರಿಂಗಿನ ಎಣ್ಣೆ ಒರೆಸಿ, ಸ್ಕ್ರೂಗಳನ್ನು ಒಂದಾದ ಮೇಲೊಂದು, ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ತಯಾರಕರು ಹೇಳಿದ ಬಿಗಿ ಮೀರಿದರೆ ಕೊಳವೆ ನಜ್ಜಾಗುತ್ತದೆ. ಹೊಡೆಯಲು ಸುರಕ್ಷಿತ ಜಾಗದಲ್ಲಿ, 50 ಮೀಟರಿಗೆ ದೊಡ್ಡ ಕಾಗದ ಅಂಟಿಸಿ, ನಡುವಿನ ಚುಕ್ಕೆಗೆ ಒಂದು ಗುಂಡು. ಬಲಕ್ಕೆ 20 ಕ್ಲಿಕ್ ತಿರುಗಿಸಿ ಅದೇ ಚುಕ್ಕೆಗೆ ಗುರಿಯಿಟ್ಟು ಇನ್ನೊಂದು. ಕೆಳಕ್ಕೆ 20, ಎಡಕ್ಕೆ 20, ಮೇಲಕ್ಕೆ 20, ಪ್ರತಿಸಲವೂ ಗುರಿ ಅದೇ ಚುಕ್ಕೆ. 0.1 ಮಿಲ್ ಕ್ಲಿಕ್ ಆದರೆ 10 ಸೆಂ.ಮೀ. ಬದಿಯ ಚೌಕ ಮೂಡಬೇಕು, ಐದನೆಯ ಗುಂಡು ಮೊದಲನೆಯದರ ಪಕ್ಕಕ್ಕೇ ಬಂದು ಬೀಳಬೇಕು. ಚೌಕ ಸೊಟ್ಟಗಾದರೆ ಅಥವಾ ಕೊನೆಯದು ಎಲ್ಲೋ ಬಿದ್ದರೆ ರಿಂಗು ನೋಡಿ, ಇನ್ನೊಂದು ಸಲ ಹೊಡೆಯಿರಿ. ಮತ್ತೆ ಹಾಗೇ ಆದರೆ ವಾಪಸ್ ಕೊಡುವ ಅವಧಿ ಮುಗಿಯುವ ಮುಂಚೆ, ತೂತು ಬಿದ್ದ ಆ ಕಾಗದದ ಮೇಲೆ ತಾರೀಖು ಬರೆದು, ಸ್ಕೋಪ್ ಜೊತೆಗೇ ಅಂಗಡಿಗೆ ತಗೊಂಡು ಹೋಗಿ.