ಸನ್‌ಬೋರ್ಡ್ ಹಾಳೆಯಲ್ಲಿ ಎದ್ದ ಹೆಟ್ಸರ್: ನನ್ನ ಅನುಭವ

"ಸನ್‌ಬೋರ್ಡ್‌ನಲ್ಲಿ ಟ್ಯಾಂಕ್ ಆಗಲ್ಲ ಮಾರಾಯ, ಅದು ಅಂಗಡಿ ಬೋರ್ಡ್ ಮಾಡೋ ಸಾಮಾನು" ಎಂದವರೇ ಈಗ ಟೆಂಪ್ಲೇಟ್ ಕೊಡು ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ಸನ್‌ಬೋರ್ಡ್ ಅನ್ನುವ ಹಗುರ ಫೋಮ್ ಪ್ಲಾಸ್ಟಿಕ್ ಹಾಳೆಯಲ್ಲಿ ಮಾಡಿದ್ದು 1:16 ಅಳತೆಯ ಯಾಗ್ಡ್‌ಪಾಂಜರ್ 38, ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರು ಟ್ಯಾಂಕ್ ಹೊಡೆಯಲು ಕಟ್ಟಿದ, ನಾವೆಲ್ಲ ಹೆಟ್ಸರ್ ಅಂತ ಕರೆಯುವ ಗಾಡಿ. ಕಿಟ್ ಇಲ್ಲ, 3ಡಿ ಪ್ರಿಂಟರ್ ಇಲ್ಲ. ಈ ಅಳತೆಯ ಕಿಟ್ ಹೊರಗಿನಿಂದ ತರಿಸಿದರೆ ಕಸ್ಟಮ್ಸ್ ಸೇರಿ ಹತ್ತು ಸಾವಿರ ಸುಲಭವಾಗಿ ದಾಟುತ್ತದೆ. ನನಗೆ ಬಿದ್ದದ್ದು ಮೂರೂವರೆ ಸಾವಿರ ಇರಬಹುದು. ಅದರಲ್ಲೂ ಸುಮಾರು ಅರ್ಧ ಕಸದ ಬುಟ್ಟಿಗೆ ಹೋದ ಸಾಮಾನಿನ ಲೆಕ್ಕ.

ಹೆಟ್ಸರನ್ನೇ ಆರಿಸಿದ್ದಕ್ಕೆ ಕಾರಣ ಇದೆ. ಟರೆಟ್ (ಮೇಲೆ ತಿರುಗುವ ತೋಪಿನ ಗೋಪುರ) ಇಲ್ಲ. ಮೈಯೆಲ್ಲ ಚಪ್ಪಟೆ ತಗಡು. ಆಯಸ್ಕಾಂತದ ಬಾಂಬ್ ಅಂಟದಂತೆ ಟ್ಯಾಂಕಿಗೆ ಬಳಿಯುತ್ತಿದ್ದ ಗಾರೆ, ಜಿಮ್ಮೆರಿಟ್, ಮೆತ್ತುವ ತಲೆನೋವೂ ಇಲ್ಲ. ಜರ್ಮನ್ನರಿಗೂ ಬೇಕಾಗಿದ್ದು ಅಗ್ಗದ, ಬೇಗ ಆಗುವ ಗಾಡಿಯೇ. 1943ರ ನವೆಂಬರ್‌ನಲ್ಲಿ ಬರ್ಲಿನ್‌ನ ಆಲ್ಕೆಟ್ ಕಾರ್ಖಾನೆ ಮೇಲೆ ಬಾಂಬ್ ಬಿದ್ದು ಸ್ಟುಗ್ ಅನ್ನುವ ತೋಪುಗಾಡಿಯ ತಯಾರಿ ಕುಂಟಿತು. ಪ್ರಾಗ್‌ನ ಬಿಎಂಎಂ ಕಾರ್ಖಾನೆಗೆ ಸ್ಟುಗ್‌ನಷ್ಟು ತೂಕದ ಗಾಡಿ ಕಟ್ಟುವ ಅನುಕೂಲ ಇರಲಿಲ್ಲ. ಹಾಗಾಗಿ ತಮಗೆ ಗೊತ್ತಿದ್ದ 38(ಟಿ) ಟ್ಯಾಂಕಿನ ಬುಡವನ್ನೇ ಅಗಲ ಮಾಡಿ, ಮೇಲೆ ಇಳಿಜಾರು ಪೆಟ್ಟಿಗೆ ಕೂರಿಸಿದರು. 1944ರ ಏಪ್ರಿಲ್‌ನಿಂದ ಅಲ್ಲಿ, ಜುಲೈನಿಂದ ಪಿಲ್ಸೆನ್‌ನ ಸ್ಕೋಡಾದಲ್ಲೂ. ಯುದ್ಧ ಮುಗಿಯುವಷ್ಟರಲ್ಲಿ 2,800ರ ಆಸುಪಾಸು ಹೊರಬಂದವು.

ಮುಂದಿನ ತಗಡು 60 ಮಿ.ಮೀ. ದಪ್ಪ, ನೆಟ್ಟಗಿನ ಗೆರೆಯಿಂದ 60 ಡಿಗ್ರಿ ಹಿಂದಕ್ಕೆ ಮಲಗಿದೆ. ನೇರ ಬರುವ ಗುಂಡಿಗೆ ಅದು 120 ಮಿ.ಮೀ. ಇದ್ದ ಹಾಗೆ. ನಮ್ಮ ಕೆಲಸಕ್ಕೂ ಇದೇ ಲೆಕ್ಕ ಬೇಕು. ಮುಂದಿನಿಂದ ನೋಡಿದ ನಕ್ಷೆಯ ಎತ್ತರ ಹಿಡಿದು ಕತ್ತರಿಸಿದರೆ ಹಾಳೆ ಅರ್ಧಕ್ಕೇ ಮುಗಿಯುತ್ತದೆ. ಎತ್ತರವನ್ನು ಎರಡರಿಂದ ಗುಣಿಸಿ. ಪಕ್ಕದ ತಗಡು 40 ಡಿಗ್ರಿ, ಅದಕ್ಕೆ ಸುಮಾರು 1.3ರಿಂದ. ಈ ಎರಡು ಇಳಿಜಾರು ಕೂಡುವ ಮೂಲೆ ಇದೆಯಲ್ಲ, ಅದೇ ಎಲ್ಲರನ್ನೂ ಸೋಲಿಸುವುದು. ಅಂಚನ್ನು ಚೂರಿಯಲ್ಲಿ ಓರೆ ಕತ್ತರಿಸಿದರೆ ಸನ್‌ಬೋರ್ಡ್ ಹರಿದು ಜೇನುಗೂಡಿನ ಥರ ರಂಧ್ರ ಬಿಡುತ್ತದೆ. ನಾನು ಓರೆ ಕತ್ತರಿಸುವುದನ್ನೇ ಬಿಟ್ಟೆ. 5 ಮಿ.ಮೀ. ಹಾಳೆಯಲ್ಲಿ ಅಡ್ಡಪಟ್ಟಿಗಳ ಅಸ್ಥಿಪಂಜರ ಮಾಡಿ, ಚಾವಣಿಯನ್ನು ಮೇಜಿನ ಮೇಲೆ ಬೋರಲು ಹಾಕಿ, ಅಲ್ಲಿಂದ ಕೆಳಕ್ಕೆ ಕಟ್ಟಿದೆ. ಮೂಲೆಯಲ್ಲಿ ಬಿರುಕು ಇರಲಿ ಅಂತಲೇ ಬಿಟ್ಟು, ಆಮೇಲೆ ಅಡುಗೆ ಸೋಡಾ ತುಂಬಿ ಸೂಪರ್ ಗ್ಲೂ ಹನಿಸಿದೆ. ಕಲ್ಲಾಗುತ್ತದೆ. ಉಪ್ಪುಕಾಗದದಲ್ಲಿ ಉಜ್ಜಿದರೆ ಮೂಲೆ ರೆಡಿ. ಇದನ್ನೇ ಯಾರೂ ನಂಬಿರಲಿಲ್ಲ.

ಹಾಳೆ ದಪ್ಪವನ್ನೂ ನಿಜದ ಪ್ರಕಾರ ಇಡಲು ಹೋದೆ. ಮುಂದೆ 4 ಮಿ.ಮೀ. ಸರಿಹೋಯಿತು. ಪಕ್ಕದ ತಗಡು ನಿಜದಲ್ಲೇ 20 ಮಿ.ಮೀ. ಮಾತ್ರ, ರೈಫಲ್ ಗುಂಡು, ಶೆಲ್ ಚೂರು ತಡೆಯಲು ಸಾಕು ಅನ್ನುವಷ್ಟು. ನನ್ನ ಅಳತೆಗೆ ಅದು ಒಂದೂಕಾಲು ಮಿ.ಮೀ. ಅಷ್ಟು ತೆಳು ಹಾಳೆ ಏಪ್ರಿಲ್ ಬಿಸಿಲಿಗೆ ಬಾಲ್ಕನಿಯಲ್ಲಿ ಹಪ್ಪಳವಾಯಿತು. ಕೊನೆಗೆ 3 ಮಿ.ಮೀ. ಹಾಕಿ, ಅಂಚನ್ನು ಮಾತ್ರ ಒಳಗಿನಿಂದ ತೆಳು ಮಾಡಿದೆ. ಹೊರಗೆ ಯಾರಿಗೂ ಗೊತ್ತಾಗಲ್ಲ.

ತೋಪು ಸುಲಭ. ಹೆಟ್ಸರಿನ ಪಾಕ್ 39 ತೋಪಿಗೆ ಮೂತಿಯಲ್ಲಿ ಬ್ರೇಕ್ (ಹಾರಿಸಿದಾಗ ಹಿಂದಕ್ಕೆ ಒದೆಯುವುದನ್ನು ತಗ್ಗಿಸುವ ಭಾಗ) ಇಲ್ಲ. ನೆಲಕ್ಕೆ ಹತ್ತಿರದ ತೋಪು, ಬ್ರೇಕ್ ಇದ್ದರೆ ಹಾರಿಸಿದಾಗ ಧೂಳೆದ್ದು ಅಡಗಿದ ಜಾಗ ಬಯಲಾಗುತ್ತದೆ. ಹಳೆ ಪೇಂಟ್ ಬ್ರಷ್ ಹಿಡಿಯನ್ನು ಡ್ರಿಲ್‌ಗೆ ಸಿಕ್ಕಿಸಿ ಉಜ್ಜಿದೆ, ಆಯಿತು. ತೋಪಿನ ಬುಡ ಮುಚ್ಚುವ, ಹಂದಿಮೂತಿಯಂಥ ಎರಕದ ಕವಚವನ್ನು ಎಪಾಕ್ಸಿ ಪುಟ್ಟಿಯಲ್ಲಿ ಗಟ್ಟಿಯಾಗಿ ಮಾಡಿದೆ. ಎರಕದ ಒರಟು ಮೈ ಹೇಗೆ ಬಂತು ಅಂತ ಬಂದವರೆಲ್ಲ ಕೇಳುತ್ತಾರೆ. ಅದು ನನ್ನ ಹತ್ತಿರವೇ ಇರಲಿ.

ಎರಕ ಕೂರಿಸಿದ್ದೇ ತಡ, ಗಾಡಿ ಮೂತಿ ನೆಲ ನೋಡಿತು. ಅಳತೆ ಟೇಪಿನ ಉಕ್ಕಿನಿಂದ ಸ್ಪ್ರಿಂಗ್ ಪಟ್ಟಿ ಮಾಡಿದ್ದೆ, ಹಿಂದೆ ಮುಂದೆ ಒಂದೇ ದಪ್ಪ. ಆಮೇಲೆ ನೋಡಿದರೆ ಪ್ರಾಗ್‌ನಲ್ಲೂ ಇದೇ ಗೋಳು. ಮೊದಲ ಗಾಡಿಗಳ ಮೂತಿ ಬಾಗಿ, ಮುಂದಿನ ಪಟ್ಟಿಗಳನ್ನು 7ರಿಂದ 9 ಮಿ.ಮೀ. ಮಾಡಿದ್ದರು. ನಾನೂ ಮುಂದೆ ಎರಡು ಪಟ್ಟಿ ಜಾಸ್ತಿ ಹಾಕಿದೆ. ಎದ್ದು ನಿಂತಿತು. ಸುಳ್ಳೇಕೆ, ಆ ದಿನ ಎದೆ ಸ್ವಲ್ಪ ಉಬ್ಬಿತ್ತು.

ನಡುವೆ ಒಂದು ಸೈಡ್ ಪ್ರಯೋಗ. ಆನ್‌ಲೈನಲ್ಲಿ ಕಿವಿ ನೋಡುವ ಕ್ಯಾಮೆರಾ ಐನೂರು ಆರುನೂರಕ್ಕೆ ಸಿಗುತ್ತಲ್ಲ, ಅದನ್ನು ಕಮಾಂಡರ್ ಜಾಗದಲ್ಲಿ ತೂರಿಸಿದೆ. ಡ್ರೈವರ್, ಗನ್ನರ್, ಲೋಡರ್ ಮೂವರೂ ಎಡಗಡೆ ಸಾಲಾಗಿ ಕೂತರೆ, ಕಮಾಂಡರ್ ಒಬ್ಬನೇ ಬಲಗಡೆ ಹಿಂದೆ, ತೋಪಿನ ಆಚೆ. ಮುಚ್ಚಳ ಹಾಕಿದರೆ ಬಲಗಡೆ ಏನೂ ಕಾಣಲ್ಲ. ಲೋಡರ್ ಕಥೆ ಇನ್ನೂ ಕಷ್ಟ. ಬಲದಿಂದ ತುಂಬುವಂತೆ ಮಾಡಿದ ತೋಪಿಗೆ ಪಾಪ ಎಡದಿಂದ ತುಂಬಬೇಕು. ಚಾವಣಿ ಮೇಲಿನ ಮೆಷಿನ್ ಗನ್ ಒಳಗಿಂದಲೇ ತಿರುಗುತ್ತದೆ, ಆದರೆ ಗುಂಡು ಖಾಲಿಯಾದರೆ ಹೊರಗೆ ತಲೆ ಹಾಕಲೇಬೇಕು.

ಇದು ಗೊತ್ತಾದ ಮೇಲೆ ಡಯೋರಾಮಾ, ಅಂದರೆ ಗಾಡಿ ಇಡುವ ಪುಟ್ಟ ದೃಶ್ಯ, ಬದಲಾಯಿಸಿದೆ. ಗೆಳೆಯರು ಹೆಟ್ಸರನ್ನು ಬಯಲಲ್ಲಿ ಓಡಿಸುತ್ತಾರೆ, ನೋಡಲು ಚೆಂದ, ಆದರೆ ತಪ್ಪು. ಇದು ಪೊದೆಯಲ್ಲಿ ಕಾದು, ಹೊಡೆದು, ಹಿಂದೆ ಸರಿಯುವ ಗಾಡಿ. ತೋಪು ಎಡಕ್ಕೆ 5 ಡಿಗ್ರಿ, ಬಲಕ್ಕೆ 11 ಡಿಗ್ರಿ ಮಾತ್ರ ತಿರುಗುತ್ತದೆ. ಶತ್ರು ಎಡದಿಂದ ಬಂದರೆ ಇಡೀ ಗಾಡಿ ತಿರುಗಬೇಕು, ಆ ಗದ್ದಲಕ್ಕೆ ಅಡಗಿದ್ದೂ ದಂಡ. ಅದಕ್ಕೆ ರಸ್ತೆಯನ್ನು ಸ್ವಲ್ಪ ಬಲಕ್ಕೆ ಇಟ್ಟೆ. ಬೇಲಿ ಮುಂದೆ, ಹಿಂದೆ ಖಾಲಿ ದಾರಿ. ಎತ್ತರ ನಿಜದಲ್ಲೇ 2.17 ಮೀಟರ್, ಬೇಲಿ ಹದಿಮೂರು ಸೆಂ.ಮೀ. ಇದ್ದರೆ ಸಾಕು.

ಬಣ್ಣದಲ್ಲಿ ದುಡ್ಡು ಹೋಯಿತು. ಥಿನ್ನರ್ ಜಾಸ್ತಿ ಇರುವ ಸ್ಪ್ರೇ ಸನ್‌ಬೋರ್ಡ್ ಮೈಯನ್ನು ಮೆತ್ತಗೆ ಮಾಡುತ್ತದೆ. ಮೊದಲು ನೀರಿನ ಪ್ರೈಮರ್ ಹಾಕಿ. ಹಳದಿ, ಹಸಿರು, ಕೆಂಗಂದು ಮೂರರ ಮೇಲೆ ಚುಕ್ಕೆ ಇಡುವ 1944ರ ವಿನ್ಯಾಸ ಮಾಡಿದೆ. ಚುಕ್ಕೆಗೆ ಟೂತ್‌ಪಿಕ್ ಸಾಕು, ತಾಳ್ಮೆ ಬೇಕು.

ಮುಂದಿನದು ವಾರ್ಸಾದ ಗಾಡಿ. 1944ರ ಆಗಸ್ಟ್‌ನಲ್ಲಿ ಅಲ್ಲಿನ ದಂಗೆಕೋರರು ಜರ್ಮನ್ನರಿಂದ ಒಂದು ಹೆಟ್ಸರ್ ಕಿತ್ತುಕೊಂಡು, ರಿಪೇರಿ ಮಾಡಿ, 'ಹ್ವಾತ್' ಅಂತ ಹೆಸರಿಟ್ಟರು. ಅದಕ್ಕೆ ಮೊದಮೊದಲ ಹೆಟ್ಸರ್‌ಗಳ ಥರದ ಚಕ್ರ ಬೇಕು, ಒಂದೊಂದರ ರಿಮ್‌ಗೆ 32 ಬೋಲ್ಟ್. ಎಂಟು ಚಕ್ರಕ್ಕೆ 256. ಅಚ್ಚು ಈಗಾಗಲೇ ಮಾಡಿಟ್ಟಿದ್ದೇನೆ. ಬೋಲ್ಟ್ ತಲೆ ಯಾವುದರಿಂದ ಮಾಡಿದೆ ಅಂತ ಮಾತ್ರ ಕೇಳಬೇಡಿ.