ಟಿವಿ ಬೇಕೇ, ಬೇಕಾದರೆ ಯಾವ ಗೋಡೆಗೆ?

ಮನೆ ಕಟ್ಟಿಸುವಾಗ ವೈರಿಂಗ್ ಮಾಡುವವರು ಪ್ರತಿ ಕೋಣೆಗೂ ಟಿವಿ ಪಾಯಿಂಟ್ ಬೇಕೇ ಎಂದು ಕೇಳುತ್ತಾರೆ. ಅವಸರದಲ್ಲಿ ಒಪ್ಪಿಕೊಳ್ಳುವ ಮೊದಲು, ಮನೆಯಲ್ಲಿ ಯಾರು, ಯಾವ ಹೊತ್ತಿನಲ್ಲಿ, ಏನನ್ನು ನೋಡುತ್ತಾರೆ ಎಂಬುದನ್ನು ಒಂದು ವಾರ ಗಮನಿಸಿ. ಎಲ್ಲರೂ ಮೊಬೈಲಿನಲ್ಲೇ ನೋಡುವ ಮನೆಗೆ ಟಿವಿ ಇಲ್ಲದಿದ್ದರೂ ನಡೆಯುತ್ತದೆ. ಸಂಜೆಯ ಧಾರಾವಾಹಿಗೆ ಕಾಯುವ ಅಜ್ಜಿಯಿದ್ದರೆ ಅದು ಬೇಕೇ ಬೇಕು.

ನನ್ನ ಮಟ್ಟಿಗೆ ಮನೆಗೊಂದೇ ಟಿವಿ ಸಾಕು, ಅದೂ ಹಜಾರದಲ್ಲಿ. ಮಲಗುವ ಕೋಣೆಯಲ್ಲಿಟ್ಟರೆ ನಿದ್ದೆಯ ಹೊತ್ತು ಜಾರುತ್ತಾ ಹೋಗುತ್ತದೆ. ಮಕ್ಕಳು ಓದುವ ಮೇಜಿನಿಂದಲೂ ಪರದೆ ಕಾಣಬಾರದು. ಎರಡರಿಂದ ನಾಲ್ಕು ವರ್ಷದ ಮಕ್ಕಳು ಕುಳಿತು ಪರದೆ ನೋಡುವ ಸಮಯ ದಿನಕ್ಕೆ 1 ಗಂಟೆ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸಲಹೆ ನೀಡಿದೆ.

ಕಿಟಕಿಯ ಎದುರು ಗೋಡೆಯನ್ನು ದಯವಿಟ್ಟು ಆರಿಸಬೇಡಿ. ಸಂಜೆ ನಾಲ್ಕರ ಪಡುವಣ ಬಿಸಿಲಿಗೆ ಪರದೆಯಲ್ಲಿ ಮುಖಗಳ ಬದಲು ಕಿಟಕಿಯ ಸರಳುಗಳೇ ಕಾಣುತ್ತವೆ. ಗೋಡೆ ಕೊರೆಯುವ ಮೊದಲು ಹಳೆಯ ದಿನಪತ್ರಿಕೆಯನ್ನು ಟಿವಿಯ ಅಳತೆಗೆ, ಅಂದರೆ 43 ಇಂಚಿನದಕ್ಕೆ ಸುಮಾರು 38 ಇಂಚು ಅಗಲ, 21 ಇಂಚು ಎತ್ತರಕ್ಕೆ ಕತ್ತರಿಸಿ, ಅಂಟಿಸಿ, ಸೋಫಾದಲ್ಲಿ ಕುಳಿತು ನೋಡಿ. ಕಾಗದದ ನಡುಭಾಗ ಕಣ್ಣಿನ ಮಟ್ಟಕ್ಕೆ, ನೆಲದಿಂದ ಸುಮಾರು 40 ಇಂಚಿಗೆ ಬಂದರೆ ಕುತ್ತಿಗೆ ನೋಯದು. ಕೂರುವ ಜಾಗ ಆರೇಳು ಅಡಿ ದೂರವಿರಲಿ. ಪ್ಲಗ್ ಪಾಯಿಂಟನ್ನು ಟಿವಿಯ ಹಿಂದೆಯೇ ಬರುವಂತೆ ಗಾರೆಗೆ ಮೊದಲೇ ಗುರುತು ಹಾಕಿಸಿ.