ಯಾವ ದೇಶದ ಮಾರುಕಟ್ಟೆ ಎಷ್ಟು ಮುಕ್ತ? ಹೋಲಿಸಿ ನೋಡುವ ಕ್ರಮ

ರ‍್ಯಾಂಕ್ ಪಟ್ಟಿ ತೆರೆಯುವ ಮೊದಲು ನಿಮಗೆ ಬೇಕಾದ್ದೇನು ಎಂದು ಗೊತ್ತುಮಾಡಿಕೊಳ್ಳಿ. ತೆರಿಗೆ ಕಡಿಮೆಯೇ, ಅಂಗಡಿ ತೆರೆಯುವುದು ಸುಲಭವೇ, ಕರಾರು ಮುರಿದರೆ ಕೋರ್ಟಿನಲ್ಲಿ ನ್ಯಾಯ ಸಿಗುತ್ತದೆಯೇ, ಆಮದಿಗೆ ಸುಂಕ ಎಷ್ಟು? ಇವು ನಾಲ್ಕು ಬೇರೆ ಬೇರೆ ಪ್ರಶ್ನೆಗಳು. ಒಂದರಲ್ಲಿ ಮುಂದಿರುವ ದೇಶ ಇನ್ನೊಂದರಲ್ಲಿ ತೀರಾ ಹಿಂದಿರಬಹುದು.

ಆಮೇಲೆ ಅಳತೆಗೋಲು. ಅಮೆರಿಕದ ಚಿಂತನಾ ಸಂಸ್ಥೆ ಹೆರಿಟೇಜ್ ಫೌಂಡೇಶನ್ ದೇಶಗಳ ಆರ್ಥಿಕ ಸ್ವಾತಂತ್ರ್ಯ ಅಳೆಯಲು 12 ಅಂಶಗಳಿಗೆ 0ರಿಂದ 100ರವರೆಗೆ ಅಂಕ ಕೊಟ್ಟು, ಸಮ ತೂಕದಲ್ಲಿ ಸರಾಸರಿ ತೆಗೆಯುತ್ತದೆ. ಇದನ್ನೇ ಅಳೆಯುವ ಕೆನಡಾದ ಫ್ರೇಸರ್ ಇನ್‌ಸ್ಟಿಟ್ಯೂಟ್‌ನದು ಐದು ವಿಭಾಗ, 0–10 ಅಂಕ. ಅದರ ಅಂಕಿಅಂಶ ಎರಡು ವರ್ಷ ಹಳೆಯದು. ಬಹುತೇಕ ಶ್ರೀಮಂತ ದೇಶಗಳ ಕೂಟವಾದ ಒಇಸಿಡಿಯ ಮಾರುಕಟ್ಟೆ ನಿಯಂತ್ರಣ ಸೂಚ್ಯಂಕ 0–6. ಇಲ್ಲಿ ಅಂಕ ಕಡಿಮೆಯಾದಷ್ಟೂ ಸ್ಪರ್ಧೆಗೆ ಅನುಕೂಲ. ಇದನ್ನು ತಿರುಗಿಸಿಕೊಳ್ಳದೆ ಉಳಿದವುಗಳ ಪಕ್ಕದಲ್ಲಿಟ್ಟರೆ ಇಡೀ ಹೋಲಿಕೆ ತಲೆಕೆಳಗು.

ಹೆಚ್ಚಿನವರು ಎಡವುವುದು ಒಟ್ಟು ಅಂಕದಲ್ಲಿ. ಸರ್ಕಾರಿ ವೆಚ್ಚಕ್ಕೆ ಹೆರಿಟೇಜ್ ಬಳಸುವ ಸೂತ್ರ ನೋಡಿ: ವೆಚ್ಚ ಜಿಡಿಪಿಯ ಶೇಕಡಾ ಎಷ್ಟೋ ಅದರ ವರ್ಗವನ್ನು (ಆ ಸಂಖ್ಯೆಯನ್ನು ಅದರಿಂದಲೇ ಗುಣಿಸಿದ್ದು) 0.03ರಿಂದ ಗುಣಿಸಿ, 100ರಿಂದ ಕಳೆಯಬೇಕು. ವೆಚ್ಚ ಶೇ 20 ಇದ್ದರೆ 88 ಅಂಕ. ಶೇ 50 ಆದರೆ ಬರೀ 25. ಈ 63 ಅಂಕಗಳ ವ್ಯತ್ಯಾಸವನ್ನು 12ರಿಂದ ಭಾಗಿಸಿದರೆ 5.25. ಅಂದರೆ ಒಂದೇ ಅಂಶ ಒಟ್ಟು ಅಂಕವನ್ನು ಐದರಷ್ಟು ಇಳಿಸುತ್ತದೆ. ವೆಚ್ಚ ಜಿಡಿಪಿಯ ಅರ್ಧದ ಆಸುಪಾಸಿನಲ್ಲಿರುವ ಡೆನ್ಮಾರ್ಕ್ ಪೆಟ್ಟು ತಿನ್ನುವುದು ಇಲ್ಲೇ. ಆದರೆ ಅದೇ ದೇಶದಲ್ಲಿ ಕಾನೂನಿನ ಮೂಲಕ ನಿಗದಿಯಾದ ಕನಿಷ್ಠ ವೇತನವಿಲ್ಲ, ಕೆಲಸಕ್ಕೆ ತೆಗೆದುಕೊಳ್ಳುವುದೂ ಬಿಡಿಸುವುದೂ ಸಲೀಸು, ಆಸ್ತಿ ಹಕ್ಕು ಭದ್ರ. ಆದ್ದರಿಂದ 12 ಅಂಕಗಳನ್ನೂ ಎಕ್ಸೆಲ್ ಶೀಟಿಗೆ ಹಾಕಿ, ತೆರಿಗೆ ಮತ್ತು ಸರ್ಕಾರಿ ವೆಚ್ಚ ಎರಡನ್ನು ಬಿಟ್ಟು ಉಳಿದ ಹತ್ತರ ಸರಾಸರಿ ತೆಗೆಯಿರಿ. ಒಟ್ಟು ಅಂಕದಲ್ಲಿ ಸಿಂಗಾಪುರಕ್ಕೆ ಡೆನ್ಮಾರ್ಕ್ ಮೇಲಿದ್ದ ಮುನ್ನಡೆ ಆಗ ಉಳಿಯುವುದಿಲ್ಲ.

ಸೂಚ್ಯಂಕ ಕಾಣದ್ದನ್ನು ಕೈಯಾರೆ ಬರೆದುಕೊಳ್ಳಿ. ಪಟ್ಟಿಯ ಮೇಲ್ತುದಿಯಲ್ಲಿರುವ ಸಿಂಗಾಪುರದಲ್ಲಿ ಬಹುಪಾಲು ಭೂಮಿ ಸರ್ಕಾರದ್ದು, ಹತ್ತರಲ್ಲಿ ಏಳೆಂಟು ನಿವಾಸಿಗಳಿರುವುದು ಸರ್ಕಾರ ಕಟ್ಟಿಸಿದ ಫ್ಲ್ಯಾಟುಗಳಲ್ಲಿ. 55 ವರ್ಷದೊಳಗಿನ ನೌಕರರ ಸಂಬಳದ ಮೇಲೆ, ಮಿತಿಯೊಳಗೆ, ನೌಕರರಿಂದ ಶೇ 20 ಮತ್ತು ಮಾಲೀಕರಿಂದ ಶೇ 17 ಕಡ್ಡಾಯ ಭವಿಷ್ಯನಿಧಿಗೆ ಹೋಗುತ್ತದೆ. ಅದು ತೆರಿಗೆಯ ಲೆಕ್ಕಕ್ಕೆ ಬರುವುದಿಲ್ಲ. ಇಷ್ಟು ದೊಡ್ಡ ಸಂಗತಿಯನ್ನು ಬಿಟ್ಟು ಸಿಂಗಾಪುರವನ್ನು ಸರ್ಕಾರ ಕೈಹಾಕದ ಮಾರುಕಟ್ಟೆ ಎನ್ನುವುದು ಸರಿಯಲ್ಲ.

ವರ್ಷದಿಂದ ವರ್ಷಕ್ಕೆ ಹೋಲಿಸುವಾಗ ರ‍್ಯಾಂಕ್ ಬಿಡಿ, ಅಂಕ ನೋಡಿ. ಹೆರಿಟೇಜ್ 2021ರಲ್ಲಿ ಹಾಂಗ್‌ಕಾಂಗನ್ನು ಪಟ್ಟಿಯಿಂದಲೇ ಕೈಬಿಟ್ಟಿತು. ಅದರ ಕೆಳಗಿದ್ದವರಿಗೆ ಏನೂ ಮಾಡದೆಯೇ ಒಂದು ಸ್ಥಾನ ಮೇಲೆ ಸರಿಯಲು ಜಾಗ ಸಿಕ್ಕಿತು. ಅಂಕ ಹೋಲಿಸುವಾಗಲೂ ನಡುವೆ ಲೆಕ್ಕದ ವಿಧಾನ ಬದಲಾಗಿದೆಯೇ ಎಂದು ನೋಡಿ.

ವ್ಯಾಪಾರ ನಡೆಸುವುದು ಎಷ್ಟು ಸುಲಭ ಎಂದು ಅಳೆಯುತ್ತಿದ್ದ ವಿಶ್ವಬ್ಯಾಂಕಿನ ‘ಡೂಯಿಂಗ್ ಬಿಸಿನೆಸ್’ ಪಟ್ಟಿ ಈಗಲೂ ಲೇಖನಗಳಲ್ಲಿ ಕಾಣುತ್ತದೆ. ಭಾರತ 142ನೇ ಸ್ಥಾನದಿಂದ 63ಕ್ಕೆ ಏರಿದ್ದು ಅದರಲ್ಲೇ. ಆದರೆ ಭಾರತದ ಪರವಾಗಿ ಅಲ್ಲಿ ಅಳೆದದ್ದು ದೆಹಲಿ, ಮುಂಬೈ ಎರಡನ್ನೇ. ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಲೈಸೆನ್ಸ್ ಪಡೆಯಲು ಎಷ್ಟು ದಿನ ಬೇಕೆಂದು ಆ ಅಂಕಿ ಹೇಳುವುದಿಲ್ಲ. ಅಂಕಿಅಂಶಗಳಲ್ಲಿ ಅಕ್ರಮ ಕಂಡುಬಂದ ಮೇಲೆ 2021ರಲ್ಲಿ ಆ ವರದಿಯನ್ನೇ ನಿಲ್ಲಿಸಲಾಯಿತು. ಹಳೆಯ ಅಂಕಿ ಬಳಸಲೇಬೇಕಿದ್ದರೆ ವರ್ಷ, ನಗರ ಎರಡನ್ನೂ ಪಕ್ಕದಲ್ಲೇ ನಮೂದಿಸಿ.